ಹೋಗಿ ಬನ್ನಿ, ಹೋಂಡಾದವರೇ!

ಇವರಿಗೆ,
ಅಧ್ಯಕ್ಷರು ಮತ್ತು ಆಡಳಿತ ಮಂಡಳಿ,
ಹೋಂಡಾ ಮೋಟಾರ್ ಕಂಪನಿ, ಟೋಕಿಯೊ.

ವಿಷಯ: ಫಾರ್ಮುಲಾ ಒನ್ ರೇಸಿಂಗ್‌ನಿಂದ ತಾವು ಮುಂದಿನ ಸಲ ಹೊರನಡೆಯುವ ಬಗ್ಗೆ.
ಉಲ್ಲೇಖ: ತಮ್ಮ 1968, 1992, 2008 ಮತ್ತು 2020ರ ನಿರ್ಗಮನಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವಿನ್ನೂ ಹೊರಟಿಲ್ಲ ಎಂಬುದು ನನಗೆ ಗೊತ್ತು. 2026ರಿಂದ ಆಸ್ಟನ್ ಮಾರ್ಟಿನ್ ತಂಡಕ್ಕೆ ಎಂಜಿನ್ ಕೊಡುವುದಾಗಿ ತಾವೇ 2023ರ ಮೇ ತಿಂಗಳಲ್ಲಿ ಸಾರಿದ್ದೀರಿ. ಆದರೂ ಈಗಲೇ ಬರೆಯುತ್ತಿದ್ದೇನೆ. ತಾವು ಬರುವ ದಿನವೇ ಬೀಳ್ಕೊಡುಗೆಯ ಹಾರವನ್ನೂ ತಂದಿಟ್ಟುಕೊಳ್ಳುವುದು ಅನುಭವಸ್ಥರ ಲಕ್ಷಣ.

ನಾನು ತಮ್ಮ ಗ್ರಾಹಕ. ಕೋಲಾರ ಜಿಲ್ಲೆಯ ನರಸಾಪುರದಲ್ಲಿರುವ ತಮ್ಮ ಕಾರ್ಖಾನೆಯ ಸ್ಕೂಟರ್ ಏರಿ ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ ದಾಟಲು ಹೆಣಗುವವನು. ತಮ್ಮ ಚರಿತ್ರೆಯನ್ನು ಮೆಲುಕು ಹಾಕಲು ಅಲ್ಲಿ ಬೇಕಾದಷ್ಟು ಪುರಸೊತ್ತು ಸಿಗುತ್ತದೆ.

ತಾವು ಮೊದಲ ಸಲ ಹೋದದ್ದರ ಬಗ್ಗೆ ತಮಾಷೆ ಮಾಡಲಾರೆ. 1964ರಲ್ಲಿ ಬಂದು, ಮರುವರ್ಷವೇ ಮೆಕ್ಸಿಕೊದಲ್ಲಿ ಗೆದ್ದವರು ತಾವು. 1968ರಲ್ಲಿ ಗಾಳಿಯಿಂದಲೇ ತಣಿಯುವ ಎಂಜಿನ್ನಿನ ಹೊಸ ಕಾರು ತಂದಿರಿ. ತಮ್ಮ ಚಾಲಕ ಜಾನ್ ಸರ್ಟೀಸ್ ಅದನ್ನು ಓಡಿಸಿ ನೋಡಿ, ಇದು ರೇಸಿಗೆ ತಕ್ಕದ್ದಲ್ಲ ಎಂದು ಕೈಬಿಟ್ಟಿದ್ದರು. ಫ್ರಾನ್ಸಿನ ರುವಾನ್‌ನ ಮಳೆಯಲ್ಲಿ ಅದೇ ಕಾರು ದಿಬ್ಬಕ್ಕೆ ಬಡಿದು ಹೊತ್ತಿ ಉರಿದು ಇನ್ನೊಬ್ಬ ಚಾಲಕ ಜೋ ಶ್ಲೆಸರ್ ಸತ್ತರು. ಆ ವರ್ಷದ ಕೊನೆಗೆ ತಾವು ಹೊರಟಿರಿ. ತಮ್ಮ ಎಂಜಿನಿಯರುಗಳು ಹೊಗೆ ಕಡಿಮೆ ಉಗುಳುವ ಎಂಜಿನ್ ಮಾಡಲು ಕುಳಿತರು. ಅದರಿಂದಲೇ ಸಿವಿಕ್ ಕಾರು ಅಮೆರಿಕದಲ್ಲಿ ಹೆಸರು ಮಾಡಿತು. ಪರಿಸರದ ಈ ನೆಪವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮರಳಿ ಬಂದ ತಾವು ಎರಡನೆಯ ಸಲ ಗೆದ್ದು ಗೆದ್ದು ಬೇಸತ್ತು ಹೋದಿರಿ. 1988ರಲ್ಲಿ ಮೆಕ್ಲಾರೆನ್ ಜೊತೆ 16 ರೇಸುಗಳಲ್ಲಿ 15 ತಮ್ಮವೇ. 1992ರಲ್ಲಿ, ಗುರಿ ಮುಟ್ಟಿದ್ದಾಯಿತು ಎಂದು ಹೊರಟಿರಿ. ಹೋದದ್ದಾದರೂ ಎಷ್ಟು ದೂರ? ಸಂಸ್ಥಾಪಕರ ಮಗನ ಮುಗೆನ್ ಕಂಪನಿ ಅದೇ ವರ್ಷ ಮುಗೆನ್-ಹೋಂಡಾ ಎಂಬ ಹೆಸರಿನಲ್ಲಿ ಎಂಜಿನ್ ಕೊಡತೊಡಗಿತು, 1996ರಲ್ಲಿ ಮೊನಾಕೊದಲ್ಲಿ ಗೆದ್ದೂಬಿಟ್ಟಿತು. ಮುಂಬಾಗಿಲಿಂದ ಅಪ್ಪ ಹೊರಟರೆ ಹಿತ್ತಲ ಬಾಗಿಲಿಂದ ಮಗ ಬರುವ ಈ ವಿದ್ಯೆಯನ್ನು ನಮ್ಮ ರಾಜಕೀಯದವರು ತಮ್ಮಿಂದ ಕಲಿತರೋ, ತಾವು ಅವರಿಂದ ಕಲಿತಿರೋ ತಿಳಿಯದು.

ಇನ್ನು ಮೂರನೆಯದು. ಮಾನ್ಯರೇ, ಇದನ್ನು ಬರೆಯುವಾಗ ನನಗೇ ಹೊಟ್ಟೆ ಉರಿಯುತ್ತದೆ, ತಮಗೆ ಹೇಗೋ! ಮತ್ತೆ ಬಂದು, ಸ್ವಂತ ತಂಡ ಕಟ್ಟಿಕೊಂಡು 2007ರಲ್ಲಿ ಕಾರಿನ ಮೈತುಂಬ ಭೂಮಂಡಲದ ಚಿತ್ರ ಬಳಿದಿರಿ. ಪ್ರಾಯೋಜಕರ ಹೆಸರುಗಳಿರಬೇಕಾದ ಜಾಗದಲ್ಲಿ ಸಮುದ್ರ, ಮೋಡ, ಖಂಡಗಳು. ಪೆಟ್ರೋಲ್ ಸುಟ್ಟುಕೊಂಡು ಓಡುವ ಭೂಗೋಳ ಇಡೀ ವರ್ಷ ಸುತ್ತಿ ಗಳಿಸಿದ ಅಂಕ 6. ಆ ವರ್ಷದ ಕೊನೆಗೆ ರಾಸ್ ಬ್ರಾನ್ ಎಂಬ ಜಾಣರನ್ನು ಕರೆತಂದಿರಿ. ಅವರು 2008ರ ಕಾರಿನ ಆಸೆ ಬಿಟ್ಟು, 2009ರ ಹೊಸ ನಿಯಮಗಳಿಗೆ ತಕ್ಕ ಕಾರನ್ನು ರೂಪಿಸಲು ಎಲ್ಲರನ್ನೂ ಹಚ್ಚಿದರು. ದುಡ್ಡು ತಮ್ಮದು, ಕಾರ್ಖಾನೆ ತಮ್ಮದು, ಗಾಳಿಸುರಂಗದ ಕರೆಂಟ್ ಬಿಲ್ಲೂ ತಮ್ಮದು. ಕಾರು ಇನ್ನೇನು ಸಿದ್ಧವಾಗಬೇಕು, 2008ರ ಡಿಸೆಂಬರ್ 5ರಂದು ಆರ್ಥಿಕ ಹಿಂಜರಿತದ ಕಾರಣ ಕೊಟ್ಟು ಹೊರಟೇಬಿಟ್ಟಿರಿ. ತಂಡವನ್ನು ಬ್ರಾನ್ ಅವರಿಗೆ ಒಂದು ಪೌಂಡಿಗೆ ಮಾರಿದಿರಿ. ಒಂದೇ ಒಂದು ಪೌಂಡ್, ಚೌಕಾಸಿ ಇಲ್ಲ.

ಆ ಕಾರಿಗೆ ಮರ್ಸಿಡಿಸ್ ಎಂಜಿನ್ ಕೂರಿಸಿದರು. ಮೆಲ್ಬರ್ನ್‌ನ ಮೊದಲ ರೇಸಿನಲ್ಲೇ ಒಂದನೆಯ, ಎರಡನೆಯ ಸ್ಥಾನಗಳೆರಡೂ ಅದಕ್ಕೆ. ವರ್ಷದ ಕೊನೆಗೆ ಚಾಲಕರ ಪಟ್ಟ ಜೆನ್ಸನ್ ಬಟನ್‌ಗೆ, ತಂಡದ ಪಟ್ಟ ಬ್ರಾನ್ ಅವರಿಗೆ. ಆಮೇಲೆ ಮರ್ಸಿಡಿಸ್ ಆ ತಂಡವನ್ನೇ ಕೊಂಡು, 2014ರಿಂದ 2021ರವರೆಗೆ ಸತತ ಎಂಟು ವರ್ಷ ತಂಡದ ಪಟ್ಟ ಗೆದ್ದಿತು. ಕುಂತಿ ಕೂಡ ಕರ್ಣನನ್ನು ಹೊಳೆಗೆ ಬಿಡುವಾಗ ಕರೆಂಟ್ ಬಿಲ್ ಕಟ್ಟಿರಲಿಲ್ಲ. 2021ರಲ್ಲಿ ತಾವು ರೆಡ್ ಬುಲ್ ಕಡೆಯಿಂದ ಯುದ್ಧಕ್ಕೆ ನಿಂತಾಗ ಎದುರಿಗಿದ್ದದ್ದು ತಾವೇ ತೇಲಿಬಿಟ್ಟ ಕೂಸು.

ಅಲ್ಲಿಗೆ ಬರುವ ಮುನ್ನ ಒಂದು ಮಾತು. ತಮ್ಮ ನೆರೆಯವರಾದ ಟೊಯೊಟಾದವರು, ನಮ್ಮ ಬಿಡದಿಯವರು, ಎಂಟು ವರ್ಷ ಹಣ ಸುರಿದರೂ ಒಂದು ರೇಸನ್ನೂ ಗೆಲ್ಲಲಿಲ್ಲ. 2009ರ ನವೆಂಬರಿನಲ್ಲಿ ಹೊರಡುವಾಗ ಅವರ ತಂಡದ ಮುಖ್ಯಸ್ಥರು ಪತ್ರಿಕಾಗೋಷ್ಠಿಯಲ್ಲೇ ಅತ್ತುಬಿಟ್ಟರು. ಆಮೇಲೆ ಸ್ವಂತ ತಂಡ ಕಟ್ಟಿಕೊಂಡು ಮರಳಲಿಲ್ಲ. ಅಳುವುದಿದ್ದರೆ ಹಾಗೆ ಅಳಬೇಕು.

ತಾವಾದರೋ 2015ರಲ್ಲಿ ಮತ್ತೆ ಬಂದಿರಿ. ತಮ್ಮದೇ ಒಡೆತನದ ಸುಜುಕಾ ಟ್ರ್ಯಾಕಿನಲ್ಲಿ, ಇದೇನು ಕೆಳದರ್ಜೆಯ ಜಿಪಿ2 ಎಂಜಿನ್ನೋ ಎಂದು ಮೆಕ್ಲಾರೆನ್ ಚಾಲಕ ಅಲೋನ್ಸೊ ರೇಡಿಯೊದಲ್ಲಿ ಕೂಗಿದ್ದನ್ನು ಜಗತ್ತೆಲ್ಲ ಕೇಳಿಸಿಕೊಂಡಿತು. ಮೆಕ್ಲಾರೆನ್ ಜೊತೆಗಿನ ಮೂರು ವರ್ಷದಲ್ಲಿ ಒಂದು ಪೋಡಿಯಂ ಕೂಡ ದಕ್ಕಲಿಲ್ಲ. ಆಗ ತಾವು ಹೋಗಲಿಲ್ಲ. ರೆಡ್ ಬುಲ್ ಜೊತೆ ಸೇರಿ ಗೆಲುವಿನ ವಾಸನೆ ಬಂದ ಮೇಲೆ, 2020ರ ಅಕ್ಟೋಬರ್ 2ರಂದು, ಮರುವರ್ಷದ ಕೊನೆಗೆ ಹೊರಡುತ್ತೇವೆ ಎಂದಿರಿ. ಕಾರಣ? 2050ರ ಹೊತ್ತಿಗೆ ಇಂಗಾಲಮುಕ್ತರಾಗಬೇಕಂತೆ.

ಇಲ್ಲಿ ಒಬ್ಬರನ್ನು ನೆನೆಯದಿದ್ದರೆ ತಪ್ಪಾದೀತು. ಎಂಜಿನ್ ವಿಭಾಗದ ಮುಖ್ಯಸ್ಥ ಯಾಸುವಾಕಿ ಅಸಾಕಿ. ಅವರು ಕೈಗೆತ್ತಿಕೊಂಡಿದ್ದ ಹೊಸ ಎಂಜಿನ್ 2022ಕ್ಕೆ ಮುಂದೂಡಿಕೆಯಾಗಿತ್ತು. ಅಂಗಡಿ ಮುಚ್ಚುತ್ತದೆಂದು ತಿಳಿದಾಗ ಆ ಮನುಷ್ಯ ರಜೆ ಕೇಳಲಿಲ್ಲ, ವರ್ಗ ಕೇಳಲಿಲ್ಲ. ಎಂಜಿನ್ ಅನ್ನು 2021ಕ್ಕೇ ಮುಗಿಸಿಕೊಡುತ್ತೇವೆ, ಅಪ್ಪಣೆ ಕೊಡಿ ಎಂದು ಅಧ್ಯಕ್ಷರನ್ನು ಕೇಳಿಕೊಂಡರು. ಕೆಲವೇ ತಿಂಗಳಲ್ಲಿ ಮುಗಿಸಿದರು ಕೂಡ. ಅಬುಧಾಬಿಯ ಕಡೆಯ ರೇಸಿನ ಕಡೆಯ ಸುತ್ತಿನಲ್ಲಿ ರೆಡ್ ಬುಲ್ ಚಾಲಕ ವರ್ಸ್ಟಾಪೆನ್ ಚಾಂಪಿಯನ್ ಆದದ್ದು ಆ ಎಂಜಿನ್ ಮೇಲೆ. ಪರಿಸರದ ಮೇಲೆ ತಮಗೆಷ್ಟು ಪ್ರೀತಿ ಇತ್ತೋ ನಾನರಿಯೆ. ಅಸಾಕಿಯವರಿಗೆ ಕೆಲಸದ ಮೇಲಿದ್ದ ಪ್ರೀತಿಗೆ ಮಾತ್ರ ಆ ಪಟ್ಟವೇ ಸಾಕ್ಷಿ.

ಹೋದಿರಿ. ಆದರೆ ಎಂಜಿನ್ ಜಪಾನಿನ ಸಕುರಾದ ತಮ್ಮ ಕಾರ್ಖಾನೆಯಿಂದಲೇ ಬರುತ್ತಿತ್ತು, ಮೊದಲ ವರ್ಷ ಮೇಲೆ ಬೇರೆಯವರ ಹೆಸರು. 2023ರಲ್ಲಿ 22 ರೇಸುಗಳಲ್ಲಿ 21ನ್ನು ಗೆದ್ದದ್ದು ಅದೇ. ಅದೇ ವರ್ಷ, ಹೊಸ ನಿಯಮಗಳಲ್ಲಿ ವಿದ್ಯುತ್ ಶಕ್ತಿಗೂ ಇಂಗಾಲಮುಕ್ತ ಇಂಧನಕ್ಕೂ ಜಾಗವಿದೆ ಎಂದು ಮರಳುವ ಸುದ್ದಿ ಕೊಟ್ಟಿರಿ. ಪರಿಸರಕ್ಕಾಗಿ ಹೋದಿರಿ, ಪರಿಸರಕ್ಕಾಗಿ ಬಂದಿರಿ. ಒಂದೇ ಚೀಟಿಯಲ್ಲಿ ಹೋಗಿಬರುವ ಪ್ರಯಾಣ.

ಈಗ ಸೇರಿರುವ ಮನೆಯೂ ತಮಗೆ ಹೊಸದಲ್ಲ. ಈ ಆಸ್ಟನ್ ಮಾರ್ಟಿನ್ ಹಿಂದೆ ಜೋರ್ಡನ್ ಆಗಿದ್ದಾಗ 2001 ಮತ್ತು 2002ರಲ್ಲಿ ತಮ್ಮ ಎಂಜಿನ್ನೇ ಅಲ್ಲಿತ್ತು. ಆಮೇಲೆ ಅದು ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ಆಯಿತು. ಮಲ್ಯ 2016ರಲ್ಲಿ ದೇಶ ಬಿಟ್ಟರು. ಹೊರಡುವುದರಲ್ಲಿ ತಮಗೆ ಸರಿಸಮ. ಹಿಂದಿರುಗುವುದರಲ್ಲಿ ಮಾತ್ರ ತಮ್ಮಷ್ಟು ಉತ್ಸಾಹ ತೋರಿದವರಲ್ಲ.

ಆದಕಾರಣ ತಮ್ಮಲ್ಲಿ ಕೋರುವುದಿಷ್ಟು. ಮುಂದಿನ ಸಲ ಹೊರಡುವಾಗ ಭೂಮಿ, ಆಕಾಶ, ಆರ್ಥಿಕ ಹಿಂಜರಿತಗಳನ್ನು ಸುಮ್ಮನೆ ಎಳೆದು ತರಬೇಡಿ. ಖರ್ಚು ಹೆಚ್ಚಾಯಿತು, ಬೋರ್ಡಿನವರು ಗೊಣಗಿದರು ಎಂದು ಒಂದು ಸಾಲು ಬರೆದರೆ ಸಾಕು, ನಾವು ನಂಬುತ್ತೇವೆ. ಮತ್ತು ಹೊರಡುವ ಮುನ್ನ ಅಸಾಕಿಯಂಥವರನ್ನು ಒಮ್ಮೆ ಕೇಳಿ: ಕೆಲಸ ಎಲ್ಲಿಗೆ ಬಂತು, ಇನ್ನೆಷ್ಟು ತಿಂಗಳು ಬೇಕು?

ಇಂತಿ ತಮ್ಮ ವಿಶ್ವಾಸಿ,
ಸಿಗ್ನಲ್ಲಿನಲ್ಲಿ ನಿಂತ ಒಬ್ಬ ಗ್ರಾಹಕ

ಪ್ರತಿ, ಮಾಹಿತಿಗಾಗಿ: ಆಡಿ ಕಂಪನಿ, ಜರ್ಮನಿ. ತಾವು ಕೊಂಡು 2026ಕ್ಕೆ ಸಿಂಗರಿಸಿರುವ ಸೌಬರ್ ತಂಡವನ್ನು ಹಿಂದೊಮ್ಮೆ ಬಿಎಂಡಬ್ಲ್ಯು ಕೊಂಡಿತ್ತು. 2009ರಲ್ಲಿ ಬಿಟ್ಟು ಹೋಯಿತು.