ತವರಿನ ಹೆಸರು

ನಮ್ಮ ಅಣ್ಣಿಗೇರಿ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಅದರ ಕಿವಿಯಲ್ಲಿ ಹೆಸರು ಹೇಳಬೇಕು, ಉಳಿದವರು ಅವಳ ಬೆನ್ನಿಗೆ ಗುದ್ದಬೇಕು. ಗುದ್ದು ಯಾಕೆಂದು ಯಾರೂ ಕೇಳುವುದಿಲ್ಲ. ಗುದ್ದುವುದಕ್ಕೆ ಕಾರಣ ಸಿಕ್ಕಿದ್ದೇ ದೊಡ್ಡದು. ಮೊನ್ನೆ ಮೊಮ್ಮಗಳ ಹೆಸರನ್ನು ಎಲ್ಲರಿಗಿಂತ ಮೊದಲು ಕೇಳುವ ಆಸೆಗೆ ನಾನು ಆ ಬಣ್ಣಬಣ್ಣದ ಕಲಘಟಗಿ ತೊಟ್ಟಿಲಿನತ್ತ ಬಾಗಿದ್ದೇ ತಡ, ಹೆಂಗಸರ ಹಳೆಯ ಬಾಕಿಯೆಲ್ಲ ನನ್ನ ಬೆನ್ನ ಮೇಲೆ ಚುಕ್ತಾ ಆಯಿತು. ಹೆಸರು ಮಾತ್ರ ಕೇಳಿಸಲಿಲ್ಲ.

ಎಲ್ಲರಿಗಿಂತ ಹೆಚ್ಚು ನಕ್ಕವರು ಹುಬ್ಬಳ್ಳಿಯಿಂದ ಬಂದಿದ್ದ ನರ್ಸಮ್ಮ. ಮನೆಮಾತು ಕೊಂಕಣಿ, ಹೆಸರು ಫಾತಿಮಾ. ನಮ್ಮ ಓಣಿಯ ಅವ್ವಗಳು ಅಷ್ಟಕ್ಕೇ ಬಿಟ್ಟಾರೆಯೆ?

“ನವಲಗುಂದದವ್ರೇನವಾ? ಮತ್ತ ಕೊಳ್ಳಾಗ ಶಿಲುಬಿ ಐತಿ?”

“ನಾವು ಚರ್ಚಿಗೆ ಹೋಗೋರ್ರಿ, ಅವ್ವಾರ.”

ಅವ್ವಗಳ ತಪ್ಪೇನಿಲ್ಲ. ಅವರು ಕಂಡ ಫಾತಿಮಾಗಳೆಲ್ಲ ನವಲಗುಂದದ ಜಮಖಾನ ನೇಯುವ ಮನೆಗಳವರು. ಕಸುಬಿನ ಗುಟ್ಟು ಬೀಗರ ಮನೆ ಸೇರೀತೆಂದು ಮಗಳಿಗೆ ಕಲಿಸದೆ ಸೊಸೆಗಷ್ಟೇ ಕಲಿಸುತ್ತಿದ್ದ ಮನೆಗಳು ಅವು.

ಅರಬ್ಬಿಯಲ್ಲಿ ಫಾತಿಮಾ ಎಂದರೆ ಕೂಸಿಗೆ ಮೊಲೆಹಾಲು ಬಿಡಿಸುವವಳು. ಪ್ರವಾದಿಯವರ ಮಗಳ ಹೆಸರು. 711ರಲ್ಲಿ ಮೂರರೆಂಬ ಮುಸ್ಲಿಮರು ಸಮುದ್ರ ದಾಟಿ ಐಬೀರಿಯಾಕ್ಕೆ ಹೋದಾಗ ಹೆಸರೂ ಜೊತೆಗೆ ಹೋಯಿತು. ಪೋರ್ಚುಗಲ್ಲಿನ ದಕ್ಷಿಣದ ತುದಿ 1249ರವರೆಗೆ ಅವರ ಕೈಯಲ್ಲಿತ್ತು. ಅಲ್ಲೊಂದು ಕಥೆಯಿದೆ: ಕ್ರೈಸ್ತ ಸರದಾರನೊಬ್ಬ ಮೂರರ ರಾಜಕುಮಾರಿ ಫಾತಿಮಾಳನ್ನು ಸೆರೆಹಿಡಿದ, ಆಮೇಲೆ ತಾನೇ ಅವಳಿಗೆ ಸೆರೆಯಾದ. ಮದುವೆಗೆ ಮೊದಲು ದೀಕ್ಷಾಸ್ನಾನ ಮಾಡಿಸಿ ಔರೇಯಾನಾ ಎಂದು ಹೊಸ ಹೆಸರಿಟ್ಟರು.

ಇತಿಹಾಸಕಾರರು ಮೂಗು ಮುರಿಯಲಿ, ನಾನಂತೂ ನಂಬಿದೆ. ನಮ್ಮಲ್ಲೂ ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಬರೆದು ಸೊಸೆಯ ಹೆಸರು ಬದಲಿಸುತ್ತಿದ್ದರಲ್ಲ! ತವರಿನ ಚಂಪಿ ಹೊಸ್ತಿಲು ದಾಟಿದೊಡನೆ ಲಕ್ಷ್ಮೀಬಾಯಿ. ನಮ್ಮ ಅಜ್ಜಿಗೆ ಇನ್ನೊಂದು ಹೆಸರಿತ್ತೆಂದು ನಮಗೆ ತಿಳಿದದ್ದು, ಅವಳ ಅಣ್ಣ ಕುಂದಗೋಳದಿಂದ ಮೆಣಸಿನಕಾಯಿ ಚೀಲ ಹೊತ್ತು ಬಂದು ಪಡಸಾಲೆಯಲ್ಲಿ ನಿಂತು ಕೂಗಿದಾಗ. (ಆ ಮೆಣಸಿನಕಾಯಿಯನ್ನು ಈ ದೇಶಕ್ಕೆ ತಂದವರೂ ಪೋರ್ಚುಗೀಸರೇ ಅನ್ನಿ.) ಹಿಟ್ಟಿನ ಕೈಯಲ್ಲೇ ಅಜ್ಜಿ ಓಡಿಬಂದಳು. ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು. ಅಜ್ಜ ಎಷ್ಟು ಕೂಗಿದರೂ ಅವಳ ಕಾಲಿಗೆ ಆ ಚುರುಕು ಬಂದದ್ದನ್ನು ನಾವು ಕಂಡಿಲ್ಲ.

ಆ ರಾಜಕುಮಾರಿಯ ಅತ್ತೆಮನೆ ಹೆಸರು ಔರೇಂ ಎಂಬ ಊರಿಗೆ ಬಂತಂತೆ, ತವರಿನ ಹೆಸರು ಸಮೀಪದ ಹಳ್ಳಿಗೆ. 1917ರ ಮೇ 13ರಂದು ಆ ಫಾತಿಮಾದ ಬಯಲಿನಲ್ಲಿ ಲೂಸಿಯಾ, ಫ್ರಾನ್ಸಿಸ್ಕೊ, ಜಸಿಂತಾ ಎಂಬ ಕುರಿ ಕಾಯುವ ಮಕ್ಕಳು ಮೇರಿ ಮಾತೆಯನ್ನು ಕಂಡೆವೆಂದರು. ಆಮೇಲೆ ಪೋರ್ಚುಗಲ್ಲಿನಲ್ಲಿ ಎಲ್ಲಿ ನೋಡಿದರೂ ಮರಿಯಾ ದ ಫಾತಿಮಾಗಳು. ಗೋವೆ 1961ರವರೆಗೆ ಅವರದೇ ಆಗಿತ್ತಲ್ಲ, ಹೆಸರು ಅಲ್ಲಿಗೆ ಬಂದು ಘಟ್ಟವನ್ನೂ ಹತ್ತಿತು. ನವಲಗುಂದಕ್ಕೆ ಬೇರೆ ದಾರಿಯಿಂದ ಬಂದು ಮಗ್ಗದ ಮುಂದೆ ಕೂತಿದ್ದ ಅಕ್ಕನ ಗುರುತು ಈ ತಂಗಿಗೆ ಹತ್ತಿತೋ ಇಲ್ಲವೋ!

ಈಗ ನಮ್ಮ ಕಡೆಯೂ ಸೊಸೆಯ ಹೆಸರು ಬದಲಿಸುವ ಉಮೇದು ಇಳಿದಿದೆ. ತಾಟಿನಲ್ಲಿ ಅಕ್ಕಿ ಬರುತ್ತದೆ, ಉಂಗುರವೂ ಬರುತ್ತದೆ. ಮದುಮಗ ಇದ್ದ ಹೆಸರನ್ನೇ ಬರೆದು ಏಳುತ್ತಾನೆ. ಬೇರೆ ಬರೆದರೆ ಆಧಾರ್ ಕಾರ್ಡು, ಪಾಸ್‌ಬುಕ್ಕು, ಅವಳ ಪಗಾರದ ಕಾಗದ ಎಲ್ಲವನ್ನೂ ತಿದ್ದಿಸಲು ಕಚೇರಿ ಅಲೆಯಬೇಕಾದವನು ಅವನೇ.