ದೇವದಾರು ಮಾಸ್ತರ್

"ತಮ್ಮಾ, ಎದ್ದೀ ಏನ?"

ಬೆಳಿಗ್ಗೆ ಆರಕ್ಕೆ ಹಿತ್ತಲ ಗೋಡೆಯಾಚೆಯಿಂದ ಈ ಕೂಗು ಬಂದರೆ ನಾನು ಬ್ರಷ್ ಕಚ್ಚಿಕೊಂಡು ಬಚ್ಚಲಲ್ಲೇ ನಿಂತುಬಿಡುತ್ತೇನೆ. ಎದ್ದಿಲ್ಲವೆಂದು ಹೇಳಲು ಬರುವುದಿಲ್ಲ. ಎದ್ದೇನ್ರಿ ಅಂದೆನೋ, ಅರ್ಧ ತಾಸು ಹೋಯಿತು.

ಕೂಗುವವರು ನಿವೃತ್ತ ಮಾಸ್ತರ್. ದುಡ್ಡು ಕೊಟ್ಟು ತಂದದ್ದು ಔಷಧಿಯೇ ಅಲ್ಲ ಎಂದು ನಂಬಿದ ಪಂಗಡದವರು. ಜೋಳದ ಚೀಲಕ್ಕೆ ಬೇವಿನ ತಪ್ಪಲು, ಸಕ್ಕರೆ ಡಬ್ಬಿಗೆ ಲವಂಗ, ಹೆಸರುಕಾಳಿಗೆ ಒಲೆಯ ಬೂದಿ. ಇವನ್ನೆಲ್ಲ ನನ್ನ ಅಜ್ಜಿಯೂ ಮಾಡುತ್ತಿದ್ದಳು. ಆದರೆ ಅಜ್ಜಿ ಮಾಡಿ ಸುಮ್ಮನಾಗುತ್ತಿದ್ದಳು. ಮಾಸ್ತರ್ ಮಾಡಿ ಪಾಠ ಹೇಳುತ್ತಾರೆ. ಬೇವಿನ ಮೇಲೆ ಅಮೆರಿಕದವರು ಯುರೋಪಿನಲ್ಲಿ ಪಡೆದಿದ್ದ ಪೇಟೆಂಟ್ 2000ದಲ್ಲಿ ರದ್ದಾಗಿ, 2005ರಲ್ಲಿ ಅವರ ಮೇಲ್ಮನವಿಯೂ ಬಿದ್ದುಹೋದ ಕಥೆಯನ್ನು ಅವರ ಬಾಯಲ್ಲೇ ಕೇಳಬೇಕು. ಮ್ಯೂನಿಕ್ಕಿಗೆ ಹೋಗಿ ಖುದ್ದು ವಾದಿಸಿ ಬಂದವರ ಹಾಗೆ ಹೇಳುತ್ತಾರೆ.

ಇಷ್ಟನ್ನೂ ಸಹಿಸಿದ್ದೆ. ಸಹಿಸಲಾಗದ್ದು ದೇವದಾರು.

ಹೋದ ವರ್ಷ ಅವರ ಮಗಳು ಶಿಮ್ಲಾ ನೋಡಿ ಬರುವಾಗ ಅಂಗೈಯಗಲದ ದೇವದಾರು ತುಂಡೊಂದನ್ನು ತಂದಳು. ಟ್ರಂಕಿನಲ್ಲಿಟ್ಟರೆ ಇಳಕಲ್ಲ ಸೀರೆಯ ರೇಷ್ಮೆ ಸೆರಗಿಗೆ ಹುಳ ಹತ್ತುವುದಿಲ್ಲವಂತೆ. ಸುಳ್ಳೇನಲ್ಲ. ಆ ಕಟ್ಟಿಗೆಯ ಎಣ್ಣೆಯ ವಾಸನೆ ಬಟ್ಟೆ ತಿನ್ನುವ ಹುಳಕ್ಕೆ ಆಗಿಬರುವುದಿಲ್ಲ. ವಾಸನೆ ಆರಿದಾಗ ಪಾಲಿಶ್ ಪೇಪರಿನಿಂದ ತಿಕ್ಕಿದರೆ ಮತ್ತೆ ಏಳುತ್ತದೆ. ಆದರೆ ಮಾಸ್ತರ್ ಟ್ರಂಕಿಗೆ ನಿಲ್ಲುವ ಮನುಷ್ಯರೇ? "ಸೀರಿ ಹುಳಾ ಓಡಸೂದು ಮುಳಗಾಯಿ ಹುಳಾ ಓಡಸೂದಿಲ್ಲೇನು?" ಎಂದರು, ಹಿತ್ತಲ ಬದನೆ ಗಿಡಗಳನ್ನು ನೋಡುತ್ತ. ಹಿಮಾಲಯದಲ್ಲಿ 1500 ಮೀಟರಿಗಿಂತ ಮೇಲೆ, ಚಳಿಯಲ್ಲಿ ಬೆಳೆಯುವ ಮರ ಅದು. ಮಲಪ್ರಭೆ ದಂಡೆಯ ಈ ಬಿಸಿಲಿಗೆ ಅದನ್ನು ಎಲ್ಲಿಂದ ತರುವುದು?

ಉತ್ತರ ಹೊಳೆದದ್ದು ಶಾಲೆಯ ಮುಂದೆ ಹಾಯುವಾಗ. ಪೆನ್ಸಿಲ್! ತಾವು ಓದುವಾಗ ಪೆನ್ಸಿಲ್ಲಿಗೆ ಇದೇ ವಾಸನೆ ಇತ್ತೆಂದು ಅವರಿಗೆ ನೆನಪಾಯಿತು. ಮರುದಿನವೇ ಓಣಿಯಲ್ಲಿ ಠರಾವು ಹೊರಟಿತು: ಕಡ್ಡಿಪೆಟ್ಟಿಗೆ ತುಂಬ ಪೆನ್ಸಿಲ್ ಹೆರೆದ ಸಿಪ್ಪೆ ತಂದವರಿಗೆ ಒಂದು ಪೆಪ್ಪರಮಿಂಟು.

ನಮ್ಮ ಹುಡುಗರಿಗೆ ಲೆಕ್ಕ ಬರುವುದಿಲ್ಲ ಅನ್ನುವವರು ಇಲ್ಲಿ ಬಂದು ನೋಡಬೇಕಿತ್ತು. ಪೆನ್ಸಿಲ್ ಅಪ್ಪನದು, ಪೆಪ್ಪರಮಿಂಟು ತಮ್ಮದು ಎಂಬ ಲೆಕ್ಕ ಒಂದೇ ಸಂಜೆಗೆ ಬಂತು. ಸೋಮವಾರ ಕೊಡಿಸಿದ ಉದ್ದನೆಯ ಪೆನ್ಸಿಲನ್ನು ನನ್ನ ಮಗಳು ಬುಧವಾರ ಕಿರುಬೆರಳಷ್ಟು ಮಾಡಿ ತಂದು, "ಮೊನಿ ಭಾಳ ಮುರೀತೈತಿ ಅಪ್ಪಾ" ಎಂದಳು. ನಾಲ್ಕನೇ ಪೆನ್ಸಿಲ್ಲಿಗೆ ನಾನೇ ಗೋಡೆಯ ಬಳಿ ಹೋದೆ. ಮಾಸ್ತರ್ ಕೆಂಪಂಚಿನ ಸಿಪ್ಪೆಗಳನ್ನು ಗಿಡದ ಬುಡಕ್ಕೆ ಕುಂಕುಮ ಏರಿಸಿದಂತೆ ಏರಿಸುತ್ತಿದ್ದರು.

"ಮಾಸ್ತರ್ರ, ಈಗಿನ ಪೆನ್ಸಿಲ್ ದೇವದಾರದ್ದಲ್ಲರಿ. ಕಾಶ್ಮೀರದ ಪುಲ್ವಾಮಾ ಕಡಿಂದ ಬರೂ ಪೋಪ್ಲರ್ ಕಟ್ಟಿಗಿ. ವಾಸನಿನ ಇಲ್ಲ ಅದಕ್ಕ."

ಒಂದು ಸಿಪ್ಪೆ ಎತ್ತಿ ಕಣ್ಣು ಮುಚ್ಚಿ ಮೂಸಿದರು. "ನಿನಗ ನೆಗಡಿ ಆಗೇತಿ, ತಮ್ಮಾ." ಸಂಜೆ ಮನೆಗೆ ಕಷಾಯ ಬಂತು.

ಅವರ ಹುಳಗಳು ಓಡಿದವೋ ಏನೋ, ಓಡಿದ್ದರೆ ನನ್ನ ಹಿತ್ತಲಿಗೇ ಓಡಿಬಂದಿರಬೇಕು. ನನ್ನ ಗಿಡಗಳ ಕುಡಿ ಜೋತುಬಿದ್ದವು, ಕಾಯಿಗೆಲ್ಲ ತೂತು. ಪುಸ್ತಕದಲ್ಲಿ ಇದ್ದಂತೆ ಹತ್ತು ಲೀಟರ್ ನೀರಿಗೆ ಅರ್ಧ ಕಿಲೋ ಬೇವಿನ ಬೀಜದ ಕಷಾಯ ಮಾಡಿ, ಒಂದೇ ಒಂದು ಸಲ ಹೊಡೆದು ಕೈತೊಳೆದುಕೊಂಡೆ. ಏನೂ ಆಗಲಿಲ್ಲ. ಮಾಸ್ತರ ಗಿಡ ಮಾತ್ರ ನಳನಳಿಸುತ್ತಿದ್ದವು. ಅದೇ ನನ್ನ ಹೊಟ್ಟೆಯೊಳಗೆ ಕಾಯಿಕೊರಕದಂತೆ ಕೊರೆಯತೊಡಗಿತು.

ಒಂದು ದಿನ ಕೂಗು ಬರುವ ಮುಂಚೆಯೇ ಎದ್ದು ಇಣುಕಿದೆ. ಸಿಪ್ಪೆಯ ಡಬ್ಬಿ ಪಕ್ಕಕ್ಕಿಟ್ಟು ಮಾಸ್ತರ್ ಕುಕ್ಕರಗಾಲಲ್ಲಿ ಕುಳಿತಿದ್ದರು. ಒಂದೊಂದೇ ಎಲೆ ಮಗುಚಿ ಬೆನ್ನು ನೋಡುತ್ತಾರೆ. ಬಾಡಿದ ಕುಡಿ ಕಂಡರೆ ಉಗುರಿನಿಂದ ಚಿವುಟಿ, ಸೀಳಿ, ಒಳಗಿನ ನಸುಗೆಂಪು ಹುಳವನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ ಸಾಬೂನು ನೀರಿನ ತಂಬಿಗೆಗೆ ಹಾಕುತ್ತಾರೆ. ತೂತಾದ ಕಾಯಿಗೂ ಅದೇ ತಂಬಿಗೆ. ಎಲ್ಲ ಮುಗಿದ ಮೇಲೆ ಒಂದು ಚಿಟಿಕೆ ಸಿಪ್ಪೆ. ಕುಡಿಯೊಳಗೆ ಹೊಕ್ಕ ಹುಳಕ್ಕೆ ಹೊರಗೆ ಹೊಡೆದ ಔಷಧಿ ತಟ್ಟುವುದು ಕಷ್ಟ, ಬಾಡಿದ ಕುಡಿ ಚಿವುಟಿ ನಾಶ ಮಾಡಿ ಎಂದು ಕೃಷಿ ತಜ್ಞರು ಹೇಳುವುದೂ ಇದನ್ನೇ. ದುಡಿಮೆ ಮಾಸ್ತರದು, ಹೆಸರು ದೇವದಾರಿನದು.

ವರ್ಷಗಟ್ಟಲೆ ಹುಡುಗರ ಪಾಟಿಗಳನ್ನು ಹೀಗೇ ಮಗುಚಿ ನೋಡಿದ ಬೆರಳುಗಳು ಅವು. ಈಗ ಪಾಟಿ ತೋರಿಸಲು ಯಾರೂ ಬರುವುದಿಲ್ಲ. ಸಿಪ್ಪೆ ತೋರಿಸಲು ಮಾತ್ರ ಸಂಜೆಯಾದರೆ ಕಟ್ಟೆಯ ಮೇಲೆ ಹುಡುಗರ ಸಾಲು. ಪೆಪ್ಪರಮಿಂಟು ಕೊಡುವ ಮುಂಚೆ ಪ್ರತಿಯೊಬ್ಬರಿಗೂ ಒಂದು ಮಗ್ಗಿ ಕೇಳುತ್ತಾರೆ. ಪೋಪ್ಲರ್ ಎಂದರೆ ಅವರ ಮೂಗೇಕೆ ಒಪ್ಪುತ್ತದೆ? ಮನುಷ್ಯನಿಗೆ ಔಷಧಿಗಿಂತ ಔಷಧಿಯ ನೆಪವೇ... ಇರಲಿ, ನನಗೂ ಪಾಠ ಹೇಳುವ ಚಟ ಹತ್ತಿತೆಂದು ಕಾಣುತ್ತದೆ. ಗೋಡೆ ಗಿಡ್ಡ ಇರಬಾರದು.

ಶಬರಿ ರಾಮನಿಗೆ ಬಾರಿಹಣ್ಣನ್ನು ಕಚ್ಚಿ ರುಚಿ ನೋಡಿಯೇ ಕೊಟ್ಟಳಂತೆ. ಅವಳ ಗುಡಿ ನಮ್ಮೂರ ಹತ್ತಿರದ ಶಬರಿಕೊಳ್ಳದಲ್ಲೇ ಇದೆ. ಮೊನ್ನೆ ಮಾಸ್ತರ್ ಗೋಡೆಯ ಮೇಲೆ ಒಂದು ಬುಟ್ಟಿ ಮುಳಗಾಯಿ ಇಟ್ಟು, ಒಂದೊಂದನ್ನೂ ತೊಟ್ಟು ಹಿಡಿದು ತಿರುಗಿಸಿ ತೂತಿಲ್ಲವೆಂದು ತೋರಿಸಿ ಕೊಟ್ಟರು. ಪುಣ್ಯಕ್ಕೆ ಕಚ್ಚಿ ನೋಡಿರಲಿಲ್ಲ.

ಮಧ್ಯಾಹ್ನ ರೊಟ್ಟಿಯೊಂದಿಗೆ ಎಣ್ಣೆಗಾಯಿ ತಿಂದೆ. ಸಂಜೆ ಮಗಳಿಗೆ ಐದನೇ ಪೆನ್ಸಿಲ್ ಕೊಡಿಸಿ ಬಂದೆ.