ಯುದ್ಧಕ್ಕೊಂದು ಅಳಿಲು ಸೇವೆ

ದೊಡ್ಡವರು ಹೂಡಿದ ಯುದ್ಧದಲ್ಲಿ ಚಿಕ್ಕವರಿಗೊಂದು ಕೆಲಸ ಹಚ್ಚದಿದ್ದರೆ ಶಿಕ್ಷಣ ಇಲಾಖೆ ಅಂತ ಒಂದಿದ್ದು ಏನು ಬಂತು? 1917ರ ಬ್ರಿಟನ್ ಇದನ್ನು ಚೆನ್ನಾಗಿ ಅರಿತಿತ್ತು. ಯುದ್ಧ ಕಡಲಾಚೆ ಫ್ರಾನ್ಸ್‌ನಲ್ಲಿ. ಇತ್ತ ಶಾಲೆಗಳಿಗೆ ಕರೆ ಬಂತು: ಮಕ್ಕಳೇ, ಹಾರ್ಸ್ ಚೆಸ್ಟ್‌ನಟ್ ಮರದಡಿ ಬಿದ್ದ ಬೀಜ ಆರಿಸಿ ತನ್ನಿ. ದಾರಕ್ಕೆ ಪೋಣಿಸಿ, ಎದುರಾಳಿಯ ಬೀಜಕ್ಕೆ ಕುಟ್ಟಿ ಒಡೆಯುವುದು ಅಲ್ಲಿನ ಹುಡುಗರ ಆಟ. ಆ ಬೀಜವನ್ನು ಮನುಷ್ಯರು ತಿನ್ನುವಂತಿಲ್ಲ. ಅಂಥದ್ದಕ್ಕೆ ಸುಮಾರು 50 ಕಿಲೊಗೆ ಏಳೂವರೆ ಶಿಲಿಂಗ್!

ಯಾತಕ್ಕೆ ಅಂತ ಮಾತ್ರ ಕೇಳಬಾರದು. ಯಾರೋ ವ್ಯಾಪಾರಿಯ ಜೇಬು ತುಂಬಿಸಲು ಮಕ್ಕಳನ್ನು ದುಡಿಸುತ್ತಿದ್ದಾರೆಂದು ಜನ ಗುಮಾನಿಪಟ್ಟರೂ ಸರಕಾರ ಬಾಯಿ ಬಿಡಲಿಲ್ಲ. ಅಸಲಿ ಕಾರಣ ಇದು: ಗುಂಡು ಹಾರಿಸುವ ಕಾರ್ಡೈಟ್ ತಯಾರಿಸಲು ಅಸಿಟೋನ್ ಬೇಕು. ಪಿಷ್ಟವನ್ನು ಹುದುಗಿಸಿ ಅದನ್ನು ತೆಗೆಯುವ ದಾರಿಯನ್ನು ಕೈಮ್ ವೈಜ್‌ಮನ್ ಕಂಡುಹಿಡಿದಿದ್ದರು; ಮುಂದೆ ಇಸ್ರೇಲಿನ ಮೊದಲ ಅಧ್ಯಕ್ಷರಾದವರು ಇವರೇ. ಮೆಕ್ಕೆಜೋಳ ಹಾಕೋಣವೆಂದರೆ ಜರ್ಮನ್ ಜಲಾಂತರ್ಗಾಮಿಗಳು ಅದನ್ನು ತರುವ ಹಡಗುಗಳನ್ನೇ ಮುಳುಗಿಸುತ್ತಿದ್ದವು. ಹಾಗಾಗಿ ಮಕ್ಕಳ ಆಟದ ಸಾಮಾನಿಗೆ ಕೈ ಹಾಕಿದರು. ಗುಟ್ಟು ಶತ್ರುವಿಗೆ ತಿಳಿಯಬಾರದಲ್ಲ, ಅದಕ್ಕೇ ಆರಿಸುವವರಿಗೂ ತಿಳಿಸಲಿಲ್ಲ. ರಾಮಸೇತುವಿನ ಅಳಿಲಿಗೆ ಸೇತುವೆ ಯಾವ ಊರಿಗೆ ಅಂತಾದರೂ ಗೊತ್ತಿತ್ತು.

ಮಕ್ಕಳು ರಾಶಿ ರಾಶಿ ತಂದು ಸುರಿದರು. ಎಡವಿದ್ದು ದೊಡ್ಡವರು. ಸಾಗಿಸಲು ರೈಲು ಸಾಲದೆ ಎಷ್ಟೋ ಬೀಜಗಳು ಸ್ಟೇಷನ್ನುಗಳಲ್ಲೇ ಕೊಳೆತವು. ಕಿಂಗ್ಸ್ ಲಿನ್ ಊರಿನ ಅಸಿಟೋನ್ ಕಾರ್ಖಾನೆ ಮುಟ್ಟಿದ್ದು ಸುಮಾರು 3,000 ಟನ್. ಆಮೇಲೆ ತಿಳಿಯಿತು, ಈ ಬೀಜದಿಂದ ಅಸಿಟೋನ್ ಸರಿಯಾಗಿ ಬರುವುದೇ ಇಲ್ಲ! 1918ರಲ್ಲಿ ಶುರುವಾದ ಉತ್ಪಾದನೆ ಮೂರೇ ತಿಂಗಳಿಗೆ ನಿಂತಿತು. ಮಕ್ಕಳೇನಾದರೂ ಲೆಕ್ಕದಲ್ಲಿ ಇಷ್ಟು ತಪ್ಪಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಈಗ ಕಾಲ ಸುಧಾರಿಸಿದೆ. ರಷ್ಯಾದ ಶಾಲೆಗಳಲ್ಲಿ ಯಾವ ಗುಟ್ಟೂ ಇಲ್ಲ. 2022ರ ಸೆಪ್ಟೆಂಬರಿನಿಂದ ಪ್ರತಿ ಸೋಮವಾರ ಧ್ವಜ ಏರಿಸಿ, ದೇಶಪ್ರೇಮದ ವಿಶೇಷ ಪಾಠ. ಖಾಲಿ ಡಬ್ಬಿಯಲ್ಲಿ ರಟ್ಟು ಸುತ್ತಿಟ್ಟು ಮೇಣ ಹೊಯ್ದರೆ ಕಂದಕದ ಮೇಣದಬತ್ತಿ ಸಿದ್ಧ. ಅದು ಉಕ್ರೇನಿನಲ್ಲಿ ಹೋರಾಡುವ ಸೈನಿಕನಿಗೆ ಅಂತ ಒಂದನೇ ಕ್ಲಾಸಿನ ಮಗುವಿಗೂ ಹೇಳಿಕೊಡುತ್ತಾರೆ. ಆ ಸೈನಿಕ ಅಲ್ಲಿಗೆ ಹೋದದ್ದು ಯಾಕೆ ಎಂಬುದು ಸಿಲಬಸ್ಸಿನಲ್ಲಿ ಇರುವಷ್ಟೇ.

ಸಿಲಬಸ್ಸು ಮೀರಿದರೆ? ಅದೇ ವರ್ಷ ತುಲಾ ಪ್ರಾಂತ್ಯದ ಶಾಲೆಯೊಂದರಲ್ಲಿ ಸೈನಿಕರನ್ನು ಬೆಂಬಲಿಸುವ ಚಿತ್ರ ಬರೆಯಿರಿ ಅಂದರು. ಹನ್ನೆರಡರ ಹುಡುಗಿಯೊಬ್ಬಳು, ತಾಯಿ ಮಗುವಿನತ್ತ ನುಗ್ಗುವ ಕ್ಷಿಪಣಿಗಳನ್ನು ಬರೆದಳು. ಡ್ರಾಯಿಂಗ್‌ಗೆ ಮಾರ್ಕ್ಸ್ ಹಾಕಲು ಪೊಲೀಸರೇ ಬಂದರು. ಅಪ್ಪನ ಸೋಷಿಯಲ್ ಮೀಡಿಯಾ ಜಾಲಾಡಿದರು; ಅಲ್ಲಿ ಬರೆದದ್ದಕ್ಕೆ ಕೋರ್ಟು ಅವನಿಗೆ ಎರಡು ವರ್ಷ ಜೈಲು ಕೊಟ್ಟಿತು. ಮಗಳನ್ನು ಸರಕಾರ ತನ್ನ ಆಶ್ರಯ ಕೇಂದ್ರದಲ್ಲಿ ಇಟ್ಟುಕೊಂಡಿತು. ಪೇರೆಂಟ್ಸ್ ಮೀಟಿಂಗ್ ಎಂದರೆ ಹೀಗಿರಬೇಕು.

ಒಳ್ಳೆಯ ಮಕ್ಕಳಿಗೆ ಬಹುಮಾನವೂ ಉಂಟು. ಅಲ್ಲಿನ ಎಷ್ಟೋ ಶಾಲೆಗಳಲ್ಲಿ 'ವೀರನ ಡೆಸ್ಕ್' ಇಟ್ಟಿದ್ದಾರೆ. ಮೇಲೆ ಹೆಚ್ಚಾಗಿ ಯುದ್ಧದಲ್ಲಿ ಮಡಿದವನ ಫೋಟೊ, ಅವನ ಕಥೆ. ಅನೇಕ ಕಡೆ ಅವನು ಅದೇ ಶಾಲೆಯಲ್ಲಿ ಓದಿದವನು. ಅಲ್ಲಿ ಕೂರುವ ಹಕ್ಕು ಓದಿನಲ್ಲಿ, ನಡತೆಯಲ್ಲಿ ಮುಂದಿರುವವರಿಗೆ. ಕ್ಲಾಸಿಗೆ ಫಸ್ಟ್ ಬಂದವನಿಗೆ ಸತ್ತವನ ಜಾಗ. ಅಂಥ ಶಾಲೆಯಲ್ಲಿ ಲಾಸ್ಟ್ ಬೆಂಚಿನ ಹುಡುಗನನ್ನು ಯಾರೂ ದಡ್ಡ ಅನ್ನಬೇಡಿ.